ಹೆಂಚು ಮಗುಚಿದರೆ ಬಂದರು

ಹೊಳೆನರಸೀಪುರದ ಅಜ್ಜಿಮನೆಯ ಮಾಡು ಬಿಚ್ಚಿದಾಗ ಒಂದು ಹೆಂಚನ್ನು ತಂದಿಟ್ಟುಕೊಂಡೆ. ಹೊರಮೈ ಪಾಚಿ ಹಿಡಿದು ಕಪ್ಪಾಗಿದೆ. ಮಗುಚಿದರೆ ಒಳಮೈ ಇನ್ನೂ ಕೆಂಪು, ಅದರ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಷನ್ ಎಂಬ ಹೆಸರು. ಹಾಸನ ಜಿಲ್ಲೆಗೆ ಸಮುದ್ರವಿಲ್ಲ, ಬಂದರು ಮಾತ್ರ ಇದೆ: ಘಟ್ಟ ಇಳಿದರೆ ಮಂಗಳೂರು.

ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ. ಹೊಳೆದಂಡೆಯ ಜೇಡಿಮಣ್ಣು, ಸೌದೆ, ಸರಕು ಸಾಗಿಸಲು ನೀರು, ಮೂರೂ ಕೈಗೆಟುಕುವಲ್ಲೇ ಇದ್ದವು. ನಾಡಹೆಂಚನ್ನು ಮಳೆಗಾಲಕ್ಕೆ ಮುಂಚೆ ಕೈಯಾಡಿಸಲೇಬೇಕಿತ್ತು, ಕೋತಿಗಳು ಬಂದರಂತೂ ಕಥೆ ಮುಗಿಯಿತು. ಇದು ಹಾಗಲ್ಲ. ಒಂದರ ಅಂಚು ಇನ್ನೊಂದನ್ನು ಕಚ್ಚಿ ಕೂರುತ್ತದೆ. ಇದೇ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ನಿಮ್ಮ ಕೈಯಲ್ಲಿರುವ ಈ ಪುರವಣಿಯ ಮುತ್ತಜ್ಜಿಯೂ ಘಟ್ಟದ ಕೆಳಗಿನವಳೇ.

ಬಂದರಿನ ವಯಸ್ಸು ಇದಕ್ಕಿಂತ ಬಹಳ ಹಿಂದಿನದು. ನಮ್ಮಲ್ಲಿ ವಿಷ್ಣುವರ್ಧನ ಆಳುತ್ತಿದ್ದ ದಿನಗಳಲ್ಲಿ, 1130ರ ದಶಕದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ಮನೆಮಾಡಿಕೊಂಡಿದ್ದ. ಮೆಣಸು, ಏಲಕ್ಕಿ ಕಳಿಸುವುದು, ಕಂಚಿನ ಪಾತ್ರೆ ಎರಕ ಹಾಕಿಸುವುದು ಅವನ ಕಸುಬು. ಬೊಮ್ಮ ಎಂಬ ಆಳು ಅವನ ಸರಕಿನೊಂದಿಗೆ ಏಡನ್‌ಗೂ ಹೋಗಿಬಂದ. ಇದೆಲ್ಲ ತಿಳಿದದ್ದು ಕೈರೋದ ಸಿನಗಾಗಿನಲ್ಲಿ ಉಳಿದಿದ್ದ ಹಳೆಯ ಕಾಗದಗಳಿಂದ. ಅರಸರ ಶಾಸನಕ್ಕಿಂತ ವ್ಯಾಪಾರಿಯ ಲೆಕ್ಕದ ಚೀಟಿ ನನಗೆ ಹೆಚ್ಚು ಇಷ್ಟ; ಅದರಲ್ಲಿ ಜಂಬವಿರುವುದಿಲ್ಲ.

ನೋಡುವವರಿಗೆ ಕದ್ರಿಯಲ್ಲಿ ಕ್ರಿ.ಶ. 968ರ ಲೋಕೇಶ್ವರ ಕಂಚಿನ ವಿಗ್ರಹವಿದೆ. ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಮುಚ್ಚಿಗೆಯ ತುಂಬ ಆಂಟೋನಿಯೋ ಮೊಸ್ಕೇನಿಯ ಚಿತ್ರಗಳು. ಬೋಳೂರಿನ ಸುಲ್ತಾನ್ ಬತ್ತೇರಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲುಗೋಪುರ. ಮಂಜರಾಬಾದ್ ಕೋಟೆಯ ನಕ್ಷತ್ರ ನೋಡಿದವರಿಗೆ ಚಿಕ್ಕದೆನ್ನಿಸಬಹುದು, ಆದರೆ ಅದರ ಬಂದೂಕಿನ ಕಿಂಡಿಗಳಿಂದ ಕಾಣುವುದು ಹೊಳೆ.

ಹಳೆ ಬಂದರಿನ ತೊಂದರೆ ಅಳಿವೆಯದು. ಮರಳು ತುಂಬಿ ದೊಡ್ಡ ಹಡಗು ಒಳಗೆ ಬಾರದು, ಕಡಲಲ್ಲೇ ನಿಲ್ಲಬೇಕು. ಅದಕ್ಕೇ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. 1979ರಲ್ಲಿ ಹಾಸನ–ಮಂಗಳೂರು ರೈಲು ಬಂತು. ಗೇಜ್ ಬದಲಿಸಲೆಂದು 1996ರಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಸಕಲೇಶಪುರ ದಾಟಿದ ಮೇಲೆ 57 ಸುರಂಗ; ಮಕ್ಕಳು ಎಣಿಸಲು ಶುರುಮಾಡಿ ಇಪ್ಪತ್ತಕ್ಕೆ ಲೆಕ್ಕ ತಪ್ಪುತ್ತಾರೆ. ಈಗ ನಮ್ಮೂರ ಬಂಕಿನ ಪೆಟ್ರೋಲಿಗೂ ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಕೊಳವೆ ಮಾರ್ಗವಿದೆ.

ಹಳೆ ಬಂದರು ಸತ್ತಿಲ್ಲ. ಹೋದ ಸಲ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಯೊಂದಕ್ಕೆ ಸಿಮೆಂಟು, ತರಕಾರಿ ತುಂಬುತ್ತಿದ್ದರು. ಆಲೂಗಡ್ಡೆ ಮೂಟೆ ಕಂಡು ನಮ್ಮೂರಿನ ಅಭಿಮಾನ ಎದ್ದಿತು. “ಹಾಸನದ್ದಾ?” ಅಂದೆ. ಹೊತ್ತವರು ನಿಲ್ಲಲೂ ಇಲ್ಲ.

“ಆಲೂಗಡ್ಡೆ ಮಾರಾಯ್ರೆ. ದಾರಿ ಬಿಡಿ.”