ದೂರದರ್ಶನ ತಂದ ರಾಷ್ಟ್ರೀಯ ಅಭಿರುಚಿ: ಗುಲಬರ್ಗಾ ಸೀಮೆಯ ಅನುಭವ

ಕರ್ನಾಟಕದಲ್ಲಿ ದೂರದರ್ಶನವು ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲಲ್ಲ. ಆಗಿನ ಗುಲಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳನ್ನು ಆರಿಸಲಾಗಿತ್ತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಸಂಕೇತವನ್ನು ತಂತಿಬಲೆಯ ಆಂಟೆನಾ ಹಿಡಿಯುತ್ತಿತ್ತು. ಊರಿಗೆಲ್ಲ ಒಂದೇ ಪೆಟ್ಟಿಗೆ. ಕೃಷಿ, ಆರೋಗ್ಯದ ಕಾರ್ಯಕ್ರಮಗಳು ಕನ್ನಡದಲ್ಲಿದ್ದವು. ಆದರೆ ಸಂಜೆಯ ಅರ್ಧ ಗಂಟೆ ಎಲ್ಲ ರಾಜ್ಯಗಳಿಗೂ ಸಮಾನವಾದ ಹಿಂದಿ ಪ್ರಸಾರ. ಮುಂದಿನದಕ್ಕೆಲ್ಲ ಬೀಜ ಅಲ್ಲಿತ್ತೆನ್ನಬಹುದು.

ಪ್ರಯೋಗ ಮುಗಿದ ಬಳಿಕ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ರಾಜಧಾನಿಗೆ ಆ ಭಾಗ್ಯ ದೊರೆತದ್ದು 1981ರಲ್ಲಿ!

ಅದಕ್ಕೆ ಮೊದಲೂ ಈ ಸೀಮೆ ಹೊರಲೋಕಕ್ಕೆ ಅಪರಿಚಿತವಾಗಿರಲಿಲ್ಲ. ಆಳಂದ, ಅಫಜಲಪುರಗಳಿಗೆ ಸೊಲ್ಲಾಪುರದ ಪೇಟೆ ಹತ್ತಿರ. ಗಾಣಗಾಪುರದ ದತ್ತಕ್ಷೇತ್ರಕ್ಕೆ ಮರಾಠಿ ಯಾತ್ರಿಕರು, ಆಳಂದದ ದರ್ಗಾಕ್ಕೆ ನಾನಾ ಕಡೆಯ ಭಕ್ತರು. ಜೇವರ್ಗಿಯವರಿಗೆ ಗುಲಬರ್ಗಾವೇ ದೊಡ್ಡ ಪೇಟೆ. ಆದರೆ ಹೊಸ ಬಟ್ಟೆ, ಹೊಸ ಹಾಡು ಜಾತ್ರೆ-ಸಂತೆಗಳ ದಾರಿಯಲ್ಲಿ ನಿಧಾನವಾಗಿ ಬರುತ್ತಿದ್ದವು. 1982ರ ಆಗಸ್ಟ್ 15ರಂದು ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದ ಮೇಲೆ ಆ ವಿಳಂಬ ಕಳೆಯಿತು. 1984ರಲ್ಲಿ ‘ಹಮ್ ಲೋಗ್’, 1987ರಲ್ಲಿ ‘ರಾಮಾಯಣ’, 1988ರಲ್ಲಿ ‘ಮಹಾಭಾರತ’ ಧಾರಾವಾಹಿಗಳು ಬಂದವು. ದೆಹಲಿಯೂ ಜೇವರ್ಗಿಯೂ ಒಂದೇ ಗಳಿಗೆಯಲ್ಲಿ ಒಂದೇ ಕತೆಯನ್ನು ನೋಡಿದವು.

ವರ್ತಕರು ಗಮನಿಸಬೇಕಾದದ್ದು ಕತೆಯ ನಡುವಿನ ಜಾಹೀರಾತನ್ನು. ಪ್ರಾಯೋಜಕನು ಧಾರಾವಾಹಿಯ ವೆಚ್ಚ ಭರಿಸಿ, ಪ್ರತಿಯಾಗಿ ಪ್ರಚಾರದ ಸಮಯ ಪಡೆಯುವ ಪದ್ಧತಿ ‘ಹಮ್ ಲೋಗ್’ನಿಂದ ಬಲಗೊಂಡಿತು, ಅದರ ಪ್ರಾಯೋಜಕ ಮ್ಯಾಗಿ ನೂಡಲ್ಸ್. ಗಿರಾಕಿಯು ‘ಸಾಬೂನು ಪುಡಿ ಕೊಡಿ’ ಎನ್ನುವ ಬದಲು ‘ನಿರ್ಮಾ ಕೊಡಿ’ ಎನ್ನತೊಡಗಿದ. ಯಾವ ಸರಕು ಕೊಡಬೇಕೆಂಬ ಅಂಗಡಿಕಾರನ ಅಧಿಕಾರ ಅಷ್ಟರಮಟ್ಟಿಗೆ ಕುಗ್ಗಿತು. ಆ ನಿರ್ಮಾ ಸಹ 1969ರಲ್ಲಿ ಅಹಮದಾಬಾದಿನ ಸಣ್ಣ ಉದ್ಯಮವಾಗಿಯೇ ಹುಟ್ಟಿತ್ತೆಂಬುದನ್ನು ನಮ್ಮ ಉತ್ಪಾದಕರು ಮರೆಯಬಾರದು.

ಇಲ್ಲಿನ ತೊಗರಿಗೆ ರುಚಿಯ ಕೊರತೆ ಇರಲಿಲ್ಲ, ಹೆಸರಿನ ಕೊರತೆಯಿತ್ತು. ‘ಗುಲಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಸೂಚಿಕೆ ದೊರೆತದ್ದು 2019ರಲ್ಲಿ, ಜಿಲ್ಲೆ ಕಲಬುರಗಿಯೆಂದು ಹೆಸರು ಬದಲಿಸಿಕೊಂಡ ಐದು ವರ್ಷಗಳ ನಂತರ. ಸೂಚಿಕೆ ಹೆಸರಿಗೆ ರಕ್ಷಣೆ ನೀಡುತ್ತದೆ. ಗಿರಾಕಿಯ ಬಾಯಲ್ಲಿ ಆ ಹೆಸರು ಬರುವಂತೆ ಮಾಡುವ ಪ್ರಚಾರದ ವೆಚ್ಚವನ್ನು ಬೇಳೆ ಗಿರಣಿಗಳೇ ಹೊರಬೇಕು.