ತೂತು ಮುಚ್ಚುವ ವಿದ್ಯೆ

ಬಳಕೆಯ ವಸ್ತುವಿಗೆ ತೂತು ಬಿದ್ದಾಗ ಅದನ್ನು ಎಸೆಯಬೇಕೆ, ಮುಚ್ಚಿ ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಎಲ್ಲ ಸಂಸಾರಗಳಿಗೂ ಬರುವಂತಹುದು. ತಾಳವಾಡಿಯಂತಹ ಬೆಟ್ಟದ ಸೀಮೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಊರಿನ ಅಂಗಡಿಯಲ್ಲಿ ದೊರೆಯದ ವಸ್ತು ಬೇಕಾದರೆ ಒಂದು ಕಡೆ ಚಾಮರಾಜನಗರಕ್ಕೆ ಹೋಗಬೇಕು. ಇನ್ನೊಂದು ಕಡೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲವನ್ನು ಸೇರಬೇಕು. ಆದುದರಿಂದ ತೂತು ಮುಚ್ಚುವ ಕ್ರಮವನ್ನು ಬಾಲಕ ಬಾಲಿಕೆಯರೂ ಅವರ ತಂದೆತಾಯಂದಿರೂ ತಿಳಿದಿರುವುದು ಲೇಸು. ಸರಿಯಾಗಿ ಮುಚ್ಚಿದ ವಸ್ತು ಬಹುಕಾಲ ಬಾಳುತ್ತದೆ; ತಪ್ಪಾಗಿ ಮುಚ್ಚಿದುದು ಕೆಲವು ವೇಳೆ ಮನೆಯವರ ಆರೋಗ್ಯಕ್ಕೇ ಕೇಡು ತರುತ್ತದೆ.

ಈ ಕೆಲಸಕ್ಕೆ ಮೂರು ನಿಯಮಗಳುಂಟು. ಮೊದಲನೆಯದು, ಕೊಳೆ, ಎಣ್ಣೆ, ತುಕ್ಕುಗಳನ್ನು ತೆಗೆದು ಗಟ್ಟಿಯಾದ ಭಾಗ ಕಾಣುವವರೆಗೆ ಶುದ್ಧಮಾಡುವುದು. ಎರಡನೆಯದು, ಸುತ್ತಲಿನ ವಸ್ತುವಿನ ಗುಣಕ್ಕೆ ಹೊಂದುವುದನ್ನೇ ತುಂಬುವುದು. ಮೂರನೆಯದು, ಅದು ಕಚ್ಚಿಕೊಳ್ಳಲು ಬೇಕಾದಷ್ಟು ಕಾಲವನ್ನು ಕೊಡುವುದು.

ಇವು ಮೂರನ್ನೂ ಸೈಕಲ್ ಅಂಗಡಿಯಲ್ಲಿ ನೋಡಬಹುದು. ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಕಡೆ ತೂತು ಇದೆಯೆಂದು ಗೊತ್ತಾಗುತ್ತದೆ. ಕೆಲಸದವನು ಆ ಸ್ಥಳವನ್ನು ಒರಸಿ, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡುತ್ತಾನೆ. ಅನಂತರ ಸೊಲ್ಯೂಷನ್ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಅದರಲ್ಲಿರುವ ದ್ರಾವಕವು ಆರಿಹೋದ ಮೇಲೆಯೇ ರಬ್ಬರಿನ ತೇಪೆಯನ್ನು ಒತ್ತುತ್ತಾನೆ. ಅವಸರಪಟ್ಟು ಹಸಿಯಾಗಿರುವಾಗಲೇ ಒತ್ತಿದರೆ ತೇಪೆ ಕಿತ್ತುಬರುತ್ತದೆ.

ಮರದ ವಿಷಯದಲ್ಲಿ ಎರಡನೆಯ ನಿಯಮವು ಮುಖ್ಯವಾದುದು. ಬಾಗಿಲಿನಲ್ಲಿ ಹಳೆಯ ಚಿಲಕದ ತೂತು ಉಳಿದಿದೆಯೆನ್ನೋಣ. ಬಡಗಿಯು ಕೊಳೆತ ಭಾಗವನ್ನೆಲ್ಲ ತೆಗೆದು ತೂತನ್ನು ಬೈರಿಗೆಯಿಂದ ದುಂಡಗೆ ಮಾಡುತ್ತಾನೆ. ಅದೇ ಜಾತಿಯ ಮರದಿಂದ, ತುದಿಯಲ್ಲಿ ಕೊಂಚ ಸಣ್ಣದಾದ ಬೆಣೆಯನ್ನು ಕೆತ್ತಿ, ಅಂಟು ಹಚ್ಚಿ ಹೊಡೆಯುತ್ತಾನೆ. ಬೆಣೆಯ ಎಳೆಗಳು ಬಾಗಿಲಿನ ಎಳೆಗಳ ದಿಕ್ಕಿನಲ್ಲಿಯೇ ಇರುವಂತೆ ನೋಡಿಕೊಳ್ಳುತ್ತಾನೆ. ಇದಕ್ಕೆ ಕಾರಣವಿದೆ. ಮರವು ತೇವವನ್ನು ಹೀರಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಎಳೆಗಳ ದಿಕ್ಕು ಬೇರೆಯಾದರೆ ಮಳೆಗಾಲದಲ್ಲಿ ಬೆಣೆ ಒಂದು ರೀತಿಯಾಗಿ, ಬಾಗಿಲು ಇನ್ನೊಂದು ರೀತಿಯಾಗಿ ಹಿಗ್ಗಿ ನಡುವೆ ಬಿರುಕು ಬಿಡುತ್ತದೆ. ಬೆಣೆಯನ್ನು ಸ್ವಲ್ಪ ಎತ್ತರವಾಗಿಯೇ ಬಿಟ್ಟು, ಅಂಟು ಒಣಗಿದ ಮೇಲೆ ಉಳಿಯಿಂದ ಸಮಮಾಡಬೇಕು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುವ ರೂಢಿ ಮೊಳೆಯ ತೂತಿನಂತಹ ಸಣ್ಣವುಗಳಿಗೆ ಮಾತ್ರ ತಕ್ಕುದು. ದೊಡ್ಡ ತೂತಿನಲ್ಲಿ ಅದು ಒಣಗಿ ಕುಗ್ಗುತ್ತದೆ.

ತಾಮ್ರ ಹಿತ್ತಾಳೆಯ ಪಾತ್ರೆಗಳ ತೂತನ್ನು ಬೆಸುಗೆಯಿಂದ ಮುಚ್ಚುತ್ತಾರೆ. ಕಾಯಿಸುವಾಗ ಲೋಹದ ಮೇಲೆ ಏಳುವ ಕಿಲುಬಿನ ಪೊರೆಯನ್ನು ನವಸಾಗರವು ತೊಲಗಿಸುವುದರಿಂದ ಬೆಸುಗೆ ಹಿಡಿಯುತ್ತದೆ. ಬೆಸುಗೆಗೆ ಬಳಸುವ ತವರವು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಪಾತ್ರೆಯಲ್ಲಿ ನೀರಿರುವವರೆಗೆ ಶಾಖವು ಸುಮಾರು 100 ಡಿಗ್ರಿಯನ್ನು ಮೀರದಾದುದರಿಂದ ಬೆಸುಗೆಗೆ ಅಪಾಯವಿಲ್ಲ. ಬರಿಯ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಬೆಸುಗೆ ಕರಗಿ ತೂತು ಮತ್ತೆ ತೆರೆದುಕೊಳ್ಳಬಹುದು. ಇಲ್ಲಿ ತಂದೆತಾಯಂದಿರು ಅವಶ್ಯವಾಗಿ ಗಮನಿಸಬೇಕಾದ ಮಾತೊಂದಿದೆ. ಹಲವು ಬೆಸುಗೆಗಳಲ್ಲಿ ತವರದೊಂದಿಗೆ ಸೀಸವೂ ಬೆರೆತಿರುತ್ತದೆ. ಹುಳಿ ಪದಾರ್ಥಗಳು ಸೀಸವನ್ನು ಕರಗಿಸಿ ಆಹಾರದಲ್ಲಿ ಸೇರಿಸುತ್ತವೆ. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಆದಕಾರಣ ಅಡುಗೆಯ ಪಾತ್ರೆಗೆ ಸೀಸವಿಲ್ಲದ ಬೆಸುಗೆಯನ್ನೇ ಹಾಕಿಸಬೇಕು. ಸಂಶಯವಿದ್ದರೆ ಆ ಪಾತ್ರೆಯನ್ನು ಅಡುಗೆಗೂ ಕುಡಿಯುವ ನೀರಿಗೂ ಬಳಸದೆ ಬೇರೆ ಕೆಲಸಕ್ಕೆ ಇಡುವುದು ವಿವೇಕ.

ಇದೇ ನಿಯಮಗಳು ದೂರದ ಒಂದು ಆಟದಲ್ಲಿಯೂ ನಡೆಯುತ್ತವೆ. ಬೆಂಗಳೂರಿನಂತಹ ನಗರಗಳಲ್ಲಿ ಬೌಲಿಂಗ್ ಎಂಬ ಆಟದ ಅಂಗಳಗಳಿವೆ. ಇದು ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ಭಾರವಾದ ಚೆಂಡನ್ನು ನಯವಾದ ನೆಲದ ಮೇಲೆ ಉರುಳಿಸಿ, 60 ಅಡಿ ದೂರದಲ್ಲಿ ನಿಲ್ಲಿಸಿದ ಹತ್ತು ಗೂಟಗಳನ್ನು ಬೀಳಿಸುವ ಆಟ. ಚೆಂಡಿನ ತೂಕ 16 ಪೌಂಡನ್ನು, ಅಂದರೆ ಸುಮಾರು ಏಳೂಕಾಲು ಕಿಲೋಗ್ರಾಮನ್ನು, ಮೀರಬಾರದು. ಹಿಡಿಯಲು ಅದರಲ್ಲಿ ಸಾಮಾನ್ಯವಾಗಿ ಮೂರು ತೂತುಗಳಿರುತ್ತವೆ. ಮಗುವಿನ ಕೈ ಬೆಳೆದಾಗ ಅಥವಾ ಚೆಂಡು ಬೇರೊಬ್ಬರ ಕೈ ಸೇರಿದಾಗ ಆ ತೂತುಗಳು ಹೊಂದುವುದಿಲ್ಲ. ಆಗ ಚೆಂಡನ್ನು ಎಸೆಯದೆ ತೂತುಗಳನ್ನೇ ಮುಚ್ಚುತ್ತಾರೆ. ಒಳಗೋಡೆಯ ಎಣ್ಣೆ ಕೊಳೆಗಳನ್ನು ತೆಗೆದು ಒರಟುಗೊಳಿಸಿ, ತೂತಿನ ಸುತ್ತ ಟೇಪಿನಿಂದ ಅಂಚುಕಟ್ಟೆ ಕಟ್ಟಿ, ಎರಡು ದ್ರವಗಳನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿದ ರಾಳವನ್ನು ಗಾಳಿಗುಳ್ಳೆ ಉಳಿಯದಂತೆ ಮೆಲ್ಲನೆ ಹೊಯ್ಯುತ್ತಾರೆ. ರಾಳವು ಗಟ್ಟಿಯಾಗುವಾಗ ತಾನಾಗಿ ಬಿಸಿಯಾಗುತ್ತದೆ. ಅದು ಪೂರ್ತಿ ಗಟ್ಟಿಯಾದ ಬಳಿಕ ಮೇಲೆದ್ದ ಭಾಗವನ್ನು ಕತ್ತರಿಸಿ, ಉಜ್ಜಿ, ಮೆರುಗುಕೊಟ್ಟು, ಹೊಸ ಕೈಯ ಅಳತೆಗೆ ತೂತು ಕೊರೆಯುತ್ತಾರೆ. ಹಸಿಯ ರಾಳವು ಚರ್ಮಕ್ಕೆ ಕೆಡುಕಾದುದರಿಂದ ಕೈಚೀಲ ತೊಟ್ಟು, ಗಾಳಿಯಾಡುವ ಸ್ಥಳದಲ್ಲಿ ದೊಡ್ಡವರೇ ಈ ಕೆಲಸ ಮಾಡಬೇಕು.

ಸೈಕಲ್ ಅಂಗಡಿಯವನೂ ಬಡಗಿಯೂ ಚೆಂಡಿನ ಕುಶಲಿಯೂ ಅನುಸರಿಸುವ ಕ್ರಮ ಒಂದೇ ಎಂಬುದು ಈಗ ತಿಳಿಯಿತು. ವಿದ್ಯಾರ್ಥಿಗಳು ಬಡಗಿಯವರ ನೆರವಿನಿಂದ ಹಳೆಯ ಹಲಗೆಯೊಂದರಲ್ಲಿ ಎರಡು ತೂತು ಕೊರೆಯಿಸಿ, ಒಂದಕ್ಕೆ ಹಲಗೆಯ ಎಳೆಯ ದಿಕ್ಕಿನಲ್ಲಿಯೂ ಇನ್ನೊಂದಕ್ಕೆ ಅಡ್ಡಲಾಗಿಯೂ ಬೆಣೆ ಹೊಡೆಯಿಸಲಿ. ಹಲಗೆಯನ್ನು ಕೆಲವು ಸಲ ನೀರಿನಲ್ಲಿ ನೆನೆಸಿ, ಒಣಗಿಸಿ, ಎರಡರ ಅಂಚುಗಳನ್ನೂ ಬೆರಳಿನಿಂದ ಮುಟ್ಟಿ ನೋಡಲಿ. ನಾವು ಬರೆದುದರ ನಿಜವನ್ನು ಆ ಹಲಗೆಯೇ ಹೇಳುವುದು.