ಕಡಲೊಡಲಿನ ನೌಕೆ ‘ಶಿರೇ’

ಇಟಲಿಯ ವಾಯವ್ಯ ಕರಾವಳಿಯಲ್ಲಿ, ಲಾ ಸ್ಪೆಜಿಯಾ ಎಂಬ ನೌಕಾನೆಲೆಯ ಮಗ್ಗುಲಿಗೆ, ಮುಜ್ಜಾನೊ ಎಂಬ ಹೆಸರಿನ ಹಡಗುಕಟ್ಟೆಯೊಂದುಂಟು. 1938ನೆಯ ಇಸವಿ ಜನವರಿ 6ರಂದು ಅಲ್ಲಿಂದ ನೀರಿಗಿಳಿದ, 60 ಮೀಟರು ಉದ್ದದ ಜಲಾಂತರ್ಗಾಮಿಯೊಂದಕ್ಕೆ ‘ಶಿರೇ’ ಎಂದು ನಾಮಕರಣವಾಯಿತು. ಶಿರೇ ಎಂಬುದು ಇಟಲಿಯ ಊರಲ್ಲ. ಇಥಿಯೋಪಿಯದ ಉತ್ತರಭಾಗದ ಒಂದು ಸೀಮೆ. ಮುಸೊಲಿನಿಯ ಸೈನ್ಯವು ಆ ದೇಶದ ಮೇಲೆ ಏರಿಹೋಗಿ, ವಿಮಾನಗಳಿಂದಲೂ ವಿಷಾನಿಲದಿಂದಲೂ ಅದನ್ನು ಮಣಿಸಿ, ಆಫ್ರಿಕದ ಆ ಭಾಗದ ಊರುಗಳ, ನದಿಗಳ, ರಣಭೂಮಿಗಳ ಹೆಸರುಗಳನ್ನು ತನ್ನ ಹೊಸ ನೌಕೆಗಳಿಗೆ ಇಟ್ಟುಕೊಂಡು ಬೀಗುತ್ತಿದ್ದ ಕಾಲವದು. ಅಡುವಾ, ಆಕ್ಸುಮ್, ಗೊಂಡಾರ್, ಅಲಾಜಿ, ಶಿರೇ ಎಂದು ಒಂದೇ ಅಚ್ಚಿನಲ್ಲಿ ಹೊಯ್ದಂತಿದ್ದ 17 ಜಲಾಂತರ್ಗಾಮಿಗಳು ಹೀಗೆ ಹುಟ್ಟಿದುವು. ಪರರ ನೆಲವನ್ನು ತುಳಿದ ಹೆಮ್ಮೆಗೆ ಗುರುತಾಗಿ ಹೆಸರು ಹೊತ್ತ ಈ 17ರಲ್ಲಿ ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಉಳಿದದ್ದು ಅಲಾಜಿ ಒಂದೇ.

ಮೆಡಿಟರೇನಿಯನ್ ಸಮುದ್ರವು ಜಲಾಂತರ್ಗಾಮಿಗೆ ಸ್ನೇಹದ ಸಮುದ್ರವಲ್ಲ. ಅದರ ನೀರು ತಿಳಿಯಾದುದು. ಸಮುದ್ರವು ಶಾಂತವಾಗಿರುವ ಹಗಲಿನಲ್ಲಿ ವಿಮಾನದಿಂದ ಕೆಳಗೆ ನೋಡುವವನಿಗೆ, ಮೇಲ್ಮೈಯಿಂದ ಕೆಲವು ಮಾರು ಕೆಳಗಿರುವ ನೌಕೆಯು ಕಪ್ಪು ನೆರಳಿನಂತೆ ಕಾಣಿಸಿಕೊಳ್ಳುತ್ತದೆ. ಆ ಕಾಲದ ಜಲಾಂತರ್ಗಾಮಿಯಾದರೋ ನಿಜವಾಗಿ ನೀರೊಳಗೆ ವಾಸಿಸುವ ಪ್ರಾಣಿಯಾಗಿರಲಿಲ್ಲ. ಹಗಲೆಲ್ಲ ಬ್ಯಾಟರಿಯ ಬಲದಿಂದ ಆಳದಲ್ಲಿ ಮೆಲ್ಲಮೆಲ್ಲನೆ ತೆವಳಿ, ರಾತ್ರಿಯಾದೊಡನೆ ಮೇಲೆದ್ದು, ಡೀಸಲ್ ಯಂತ್ರಗಳನ್ನು ಓಡಿಸಿ, ಬ್ಯಾಟರಿಗೆ ವಿದ್ಯುತ್ತನ್ನೂ ಒಳಗಿನವರ ಶ್ವಾಸಕೋಶಗಳಿಗೆ ಹೊಸ ಗಾಳಿಯನ್ನೂ ತುಂಬಿಕೊಳ್ಳಬೇಕಾಗಿತ್ತು. ಸುಮಾರು 50 ಜನರು, ಕೈಚಾಚಿದರೆ ಕಬ್ಬಿಣ ತಗಲುವ ಆ ಕೊಳವೆಯೊಳಗೆ, ಎಣ್ಣೆಯ ವಾಸನೆಯಲ್ಲಿಯೂ ಬೆವರಿನಲ್ಲಿಯೂ ವಾರಗಟ್ಟಲೆ ಬಾಳುವುದೆಂದರೆ ಏನೆಂಬುದನ್ನು ಕರೆಯ ಮೇಲೆ ನಿಂತವರು ಊಹಿಸುವುದು ಕಷ್ಟ.

ಇಟಲಿಯು ಯುದ್ಧಕ್ಕಿಳಿದ ಒಂದು ತಿಂಗಳಿಗೆ, 1940ನೆಯ ಜುಲೈ 10ರಂದು, ಶಿರೇ ನೌಕೆಯು ಸಾರ್ಡಿನಿಯದ ಬಡಗಲಲ್ಲಿ ‘ಶೇಖ್’ ಎಂಬ ಸಣ್ಣ ಫ್ರೆಂಚ್ ಸರಕುಹಡಗನ್ನು ಮುಳುಗಿಸಿತು. ಟಾರ್ಪಿಡೊ ಎಸೆಯುವ ಸಾಮಾನ್ಯ ಜಲಾಂತರ್ಗಾಮಿಯಾಗಿ ಅದರ ಚರಿತ್ರೆಯಲ್ಲಿ ಹೇಳತಕ್ಕದ್ದು ಇಷ್ಟೇ. ಅದರ ಕೀರ್ತಿಯು ಬೇರೊಂದು ಕಾರ್ಯದಿಂದ ಬಂದುದು. ತಾನು ಹೊಡೆದುದರಿಂದಲ್ಲ, ಹೊಡೆಯುವವರನ್ನು ಹೊತ್ತು ತಂದು, ಶತ್ರುವಿನ ಬಾಗಿಲಲ್ಲಿ ಇಳಿಸಿ, ಸದ್ದಿಲ್ಲದೆ ಹಿಂದಿರುಗಿದುದರಿಂದ.

ಟೆಸೆಯೊ ಟೆಸೈ, ಎಲಿಯೊಸ್ ಟೋಸ್ಕಿ ಎಂಬ ಇಬ್ಬರು ನೌಕಾ ಇಂಜಿನಿಯರರು ಯುದ್ಧಕ್ಕೆ ಮುಂಚೆಯೇ ಒಂದು ವಿಚಿತ್ರ ವಾಹನವನ್ನು ಕಲ್ಪಿಸಿದ್ದರು. ಟಾರ್ಪಿಡೊವಿನಂತೆ ಉದ್ದನೆಯ ದಿಂಡು; ಅದರ ಮೇಲೆ ಕುದುರೆಯೇರಿದಂತೆ ಒಬ್ಬರ ಹಿಂದೊಬ್ಬರು ಇಬ್ಬರು ಸವಾರರು; ಮುಂದುಗಡೆ 200 ಕಿಲೋಗ್ರಾಮಿಗೂ ಮಿಕ್ಕ ಸ್ಫೋಟಕದ ತಲೆ. ವೇಗವಾದರೋ ಗಂಟೆಗೆ ಎರಡು ಮೂರು ಮೈಲಿ ಮಾತ್ರ. ಸವಾರರು ಶುದ್ಧ ಆಮ್ಲಜನಕವನ್ನು ಉಸಿರಾಡುವರು. ಬಿಟ್ಟ ಉಸಿರನ್ನು ಉಪಕರಣವೇ ಶೋಧಿಸಿ ಮತ್ತೆ ಒಳಕ್ಕೆ ಕೊಡುವುದರಿಂದ ನೀರಿನ ಮೇಲೆ ಗುಳ್ಳೆ ಏಳದು. ರಾತ್ರಿಯ ಕತ್ತಲಲ್ಲಿ ಬಂದರಿನೊಳಗೆ ನುಸುಳಿ, ದೊಡ್ಡ ಹಡಗಿನ ಹೊಟ್ಟೆಗೆ ಆ ತಲೆಯನ್ನು ಕಟ್ಟಿ, ಗಡಿಯಾರವನ್ನು ತಿರುಗಿಸಿ ಬಿಟ್ಟು ಬರತಕ್ಕದ್ದು. ಇದರ ಸರಕಾರೀ ಹೆಸರು ‘ಮಂದಗತಿಯ ಟಾರ್ಪಿಡೊ’ ಎಂದು. ಸದಾ ಕೆಡುವ, ಹೇಳಿದ ಮಾತು ಕೇಳದ ಅದರ ಸ್ವಭಾವವನ್ನು ಕಂಡು ಸವಾರರು ಅದಕ್ಕಿಟ್ಟ ಹೆಸರು ‘ಹಂದಿ’.

ಹಂದಿಯು ತಾನಾಗಿ ದೂರ ಸಾಗಲಾರದು. ಆಳದ ಒತ್ತಡವನ್ನೂ ತಾಳಲಾರದು. ಆದಕಾರಣ ಶಿರೇ ನೌಕೆಯ ತೋಪನ್ನು ಕಿತ್ತುಹಾಕಿ, ಅದರ ಬೆನ್ನಿನ ಮೇಲೆ ಮೂರು ದೊಡ್ಡ ಉಕ್ಕಿನ ಉರುಳೆಗಳನ್ನು, ಗೋಪುರದ ಮುಂದೆ ಒಂದು, ಹಿಂದೆ ಎರಡು ಎಂಬಂತೆ ಕೂಡಿಸಲಾಯಿತು. ಇದೇ ಕಾರ್ಯಕ್ಕೆ ನೇಮಕವಾಗಿದ್ದ ಬೇರೆ ಎರಡು ನೌಕೆಗಳ ಗತಿ ಶೀಘ್ರದಲ್ಲಿಯೇ ತೀರಿತು. ಇರಿಡೆ ಎಂಬುದು 1940ನೆಯ ಆಗಸ್ಟ್‌ನಲ್ಲಿ ಲಿಬಿಯದ ತೀರದಲ್ಲಿ ವಿಮಾನದ ಟಾರ್ಪಿಡೊವಿಗೆ ತುತ್ತಾಯಿತು; ಗೊಂಡಾರ್ ಸೆಪ್ಟೆಂಬರು ಮುಗಿಯುವಾಗ ಅಲೆಕ್ಸಾಂಡ್ರಿಯದ ಸಮೀಪ ಮುಳುಗಿತು. ಗೊಂಡಾರಿನಲ್ಲಿದ್ದ ಟೋಸ್ಕಿ ಸೆರೆಯಾಗಿ ಭಾರತದ ಸೆರೆಶಿಬಿರಗಳಿಗೆ ಬಂದನು. ಆ ಯುದ್ಧದಲ್ಲಿ ಸೆರೆಸಿಕ್ಕ ಇಟಾಲಿಯನರಲ್ಲಿ ಸಾವಿರಾರು ಮಂದಿ ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಯಲಿನಲ್ಲಿಯೂ ದಿನ ಕಳೆದರೆಂಬುದನ್ನು ಇಲ್ಲಿ ನೆನೆಯಬಹುದು. ಟೆಸೈ ಮರುವರ್ಷ ಮಾಲ್ಟಾ ಬಂದರಿನ ಮೇಲಿನ ದಾಳಿಯಲ್ಲಿ ಮಡಿದನು. ಹೀಗೆ ಹಂದಿಗಳನ್ನು ಹೊರುವ ಭಾರವೆಲ್ಲ ಶಿರೇ ಒಂದರ ಮೇಲೆಯೇ ಬಿದ್ದಿತು.

ಆಗ ಅದರ ಕಪ್ತಾನನಾಗಿದ್ದವನು ರೋಮಿನ ಹಳೆಯ ಕುಲೀನ ಮನೆತನವೊಂದರಲ್ಲಿ ಹುಟ್ಟಿದ ಯೂನಿಯೊ ವಲೇರಿಯೊ ಬೊರ್ಗೇಸೆ. 1940ನೆಯ ಅಕ್ಟೋಬರು ಕೊನೆಯಲ್ಲಿ ಅವನು ನೌಕೆಯನ್ನು ಜಿಬ್ರಾಲ್ಟರಿನ ಬಂಡೆಯ ಎದುರಿಗೆ, ಸ್ಪೇನಿಗೆ ಸೇರಿದ ಕರೆಯ ಒಂದು ನದಿಯ ಅಳಿವೆಯವರೆಗೆ ನಡೆಸಿಕೊಂಡು ಹೋದನು. ಅಟ್ಲಾಂಟಿಕ್ ಸಾಗರದ ನೀರು ಎಡೆಬಿಡದೆ ಒಳಕ್ಕೆ ನುಗ್ಗುವ, ಅದರ ಕೆಳಗೆಯೇ ಇನ್ನೊಂದು ಪ್ರವಾಹ ಹೊರಕ್ಕೆ ಹರಿಯುವ ಆ ಕಿರಿದಾದ ಜಲಸಂಧಿಯಲ್ಲಿ ನೌಕೆಯು ಎಷ್ಟೋ ಸಲ ಹತೋಟಿ ಮೀರಿ ಮೇಲಕ್ಕೂ ಕೆಳಕ್ಕೂ ಎಳೆಯಲ್ಪಟ್ಟಿತು. ಇಳಿಸಿದ ಮೂರು ಹಂದಿಗಳಲ್ಲಿ ಯಾವುದೂ ಗುರಿ ಮುಟ್ಟಲಿಲ್ಲ. ಬಿರಿಂದೆಲ್ಲಿ ಎಂಬವನೊಬ್ಬನೇ, ಕೆಟ್ಟು ತಳ ಹಿಡಿದ ತನ್ನ ಹಂದಿಯನ್ನು ಕೈಯಿಂದಲೇ ಎಳೆದುಕೊಂಡು, ಬಾರ್ಹಮ್ ಯುದ್ಧನೌಕೆಗೆ ಕಲ್ಲೆಸೆತದಷ್ಟು ದೂರಕ್ಕೆ ಬಂದು, ಶಕ್ತಿ ಕುಂದಿ ಸೆರೆಯಾದನು. ಮುಂದಿನ ಮೇ ತಿಂಗಳಿನಲ್ಲಿ ಮತ್ತೆ ಹೋದಾಗಲೂ ಕೈಗೂಡಲಿಲ್ಲ. ಕಡೆಗೆ 1941ನೆಯ ಸೆಪ್ಟೆಂಬರು 20ರಂದು ಡೆನ್ಬಿಡೇಲ್, ಫಿಯೊನಾ ಶೆಲ್ ಎಂಬ ತೈಲನೌಕೆಗಳೂ ಡರ್ಹಮ್ ಎಂಬ ಸರಕುನೌಕೆಯೂ ಸ್ಫೋಟಕ್ಕೆ ಸಿಕ್ಕಿದುವು. ಒಂದು ವರ್ಷದ ಸೋಲುಗಳನ್ನು ಸೈರಿಸಿಕೊಂಡು ಮತ್ತೆ ಮತ್ತೆ ಅದೇ ದಾರಿಯಲ್ಲಿ ಹೋದ ಈ ಹಟವನ್ನು ನಾನು ಆ ಮೇಲಿನ ಗೆಲುವಿಗಿಂತ ದೊಡ್ಡದೆಂದೇ ಎಣಿಸುತ್ತೇನೆ.

ಆ ಗೆಲುವು ಅಲೆಕ್ಸಾಂಡ್ರಿಯದ್ದು. 1941ನೆಯ ನವೆಂಬರಿನಲ್ಲಿ ಬ್ರಿಟಿಷರ ಆರ್ಕ್ ರಾಯಲ್ ವಿಮಾನವಾಹಕವೂ ಬಾರ್ಹಮ್ ಯುದ್ಧನೌಕೆಯೂ ಜರ್ಮನ್ ಜಲಾಂತರ್ಗಾಮಿಗಳಿಗೆ ಬಲಿಯಾಗಿದ್ದುವು. ಪೂರ್ವ ಮೆಡಿಟರೇನಿಯನ್ನಿನಲ್ಲಿ ಅವರಿಗೆ ಮಿಕ್ಕಿದ್ದ ದೊಡ್ಡ ಯುದ್ಧನೌಕೆಗಳು ಕ್ವೀನ್ ಎಲಿಜಬೆತ್, ವೇಲಿಯಂಟ್ ಎರಡೇ. ಎರಡೂ ಆ ಬಂದರಿನಲ್ಲಿಯೇ ತಂಗಿದ್ದುವು. ಡಿಸೆಂಬರು 3ರಂದು ಶಿರೇ ಲಾ ಸ್ಪೆಜಿಯಾದಿಂದ, ಎಂದಿನ ಅಭ್ಯಾಸಕ್ಕೆಂಬಂತೆ ಹೊರಟು, ಊರಿನ ಕಣ್ಣಿಗೆ ಮರೆಯಾದ ಮೇಲೆ ಹಂದಿಗಳನ್ನು ಉರುಳೆಗಳಿಗೆ ತುಂಬಿಕೊಂಡು, ಏಜಿಯನ್ ಸಮುದ್ರದಲ್ಲಿ ಇಟಲಿಯ ವಶದಲ್ಲಿದ್ದ ಲೆರೋಸ್ ದ್ವೀಪವನ್ನು ಸೇರಿತು. ಸವಾರರು ವಿಮಾನದಲ್ಲಿ ಅಲ್ಲಿಗೆ ಬಂದು ಕೂಡಿಕೊಂಡರು. 14ರಂದು ಅಲ್ಲಿಂದ ಹೊರಟ ನೌಕೆಯು ಸಿಡಿಗುಂಡುಗಳು ಹಾಸಿದ ಕಡಲನ್ನು, ಅವುಗಳ ಅಡಿಯಲ್ಲಿ ಹಾದುಹೋಗುವಷ್ಟು ಆಳದಲ್ಲಿ, ಸಮುದ್ರದ ತಳದ ಏರನ್ನೇ ದಾರಿಯಾಗಿ ಹಿಡಿದು ದಾಟಿತು. 18ರ ಸಂಜೆ, ಅಲೆಕ್ಸಾಂಡ್ರಿಯದ ದೀಪಸ್ತಂಭದಿಂದ ಒಂದು ಮೈಲಿಗೆ ತುಸು ಹೆಚ್ಚಾದ ದೂರದಲ್ಲಿ, 15 ಮೀಟರು ನೀರಿನಲ್ಲಿ, ಅದು ತಳ ಹಿಡಿದು ಕುಳಿತಿತು.

ರಾತ್ರಿ ಎಂಟೂಮುಕ್ಕಾಲರ ಸುಮಾರಿಗೆ ಆರು ಜನ ಹೊರಬಿದ್ದರು: ಲುಯಿಜಿ ದುರಾಂದ್ ದೆ ಲಾ ಪೆನ್ನೆ ಮತ್ತು ಎಮಿಲಿಯೊ ಬಿಯಾಂಕಿ, ಆಂತೋನಿಯೊ ಮಾರ್ಚೆಲ್ಯಾ ಮತ್ತು ಸ್ಪಾರ್ತಾಕೊ ಸ್ಕೆರ್ಗಾತ್, ವಿಂಚೆಂಜೊ ಮಾರ್ತೆಲ್ಲೊತ್ತಾ ಮತ್ತು ಮಾರಿಯೊ ಮರಿನೊ. ಇವರು ಹೊರಟುಹೋದ ಮೇಲೆ ಉರುಳೆಗಳ ಬಾಗಿಲನ್ನು ಮುಚ್ಚಲೆಂದು ಮೀಸಲು ಸವಾರರು ಹೊರಗೆ ಬಂದಿದ್ದರು. ಅವರಲ್ಲೊಬ್ಬನು, ತಾನೇ ವೈದ್ಯನಾಗಿದ್ದವನು, ನೀರೊಳಗೆಯೇ ಪ್ರಜ್ಞೆ ತಪ್ಪಿ ಬಿದ್ದನು. ಶತ್ರುವಿನ ಬಂದರಿನ ಎದುರಿನಲ್ಲಿ ನೌಕೆಯು ಮೇಲೆದ್ದು ಅವನನ್ನು ಒಳಗೆ ತೆಗೆದುಕೊಳ್ಳಬೇಕಾಯಿತು. ಹಿಂದಿರುಗುವ ದಾರಿಯಲ್ಲಿ ಸಂಗಡಿಗರು ಬಹಳ ಹೊತ್ತು ಕೃತಕ ಉಸಿರಾಟವನ್ನು ಮಾಡಿಸಿ ಅವನ ಪ್ರಾಣವನ್ನು ಉಳಿಸಿದರು. ಆರು ಮಂದಿಯ ಸಾಹಸವನ್ನು ವರ್ಣಿಸುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. ಒಬ್ಬನ ಜೀವಕ್ಕಾಗಿ ಎಲ್ಲರ ಗುಟ್ಟನ್ನೂ ಪಣಕ್ಕೊಡ್ಡಿದ ಆ ಕೆಲವು ನಿಮಿಷಗಳು ನನಗೆ ಮಾತ್ರ ಇಡೀ ರಾತ್ರಿಯಷ್ಟೇ ಭಾರವಾಗಿ ಕಾಣುತ್ತವೆ.

ಅತ್ತ ಬಂದರಿನ ಬಾಯಿಗೆ ಉಕ್ಕಿನ ಬಲೆ ಕಟ್ಟಿತ್ತು. ದೈವವಶಾತ್ ನಡುರಾತ್ರಿಯ ವೇಳೆಗೆ ಬ್ರಿಟಿಷ್ ವಿನಾಶಕ ನೌಕೆಗಳು ಒಳಬರಲೆಂದು ಬಲೆ ತೆರೆಯಿತು; ಅವುಗಳ ಬೆನ್ನಿಗೇ ಮೂರು ಹಂದಿಗಳೂ ಒಳಹೊಕ್ಕುವು. ಮಾರ್ಚೆಲ್ಯಾ ಮತ್ತು ಸ್ಕೆರ್ಗಾತರು ಕ್ವೀನ್ ಎಲಿಜಬೆತ್ತಿನ ತಳಕ್ಕೆ ಅಡ್ಡಲಾಗಿ ಹಗ್ಗ ಬಿಗಿದು ಸ್ಫೋಟಕವನ್ನು ತೂಗುಹಾಕಿ ದಡ ಸೇರಿದರು. ಮಾರ್ತೆಲ್ಲೊತ್ತಾ ತೈಲನೌಕೆ ಸಗೋನಾಕ್ಕೆ ಕಟ್ಟಿದನು. ದೆ ಲಾ ಪೆನ್ನೆಯ ಪಾಲಿಗೆ ಬಂದುದು ವೇಲಿಯಂಟ್. ಅದರ ಸಮೀಪದಲ್ಲಿ ಹಂದಿಯ ಯಂತ್ರವು ನಿಂತುಹೋಯಿತು. ಬಿಯಾಂಕಿ ಕೈಬಿಟ್ಟು ಮೇಲೆ ತೇಲಿದನು. ಕೆಸರಿನಿಂದ ಕಲಕಿದ ಕತ್ತಲಲ್ಲಿ, ಏನೂ ಕಾಣದೆ, ಹಡಗಿನ ಯಂತ್ರಗಳ ಸದ್ದನ್ನೇ ಗುರಿಯಾಗಿಸಿಕೊಂಡು, ಒಬ್ಬನೇ ಅದನ್ನು ಅಂಗುಲ ಅಂಗುಲವಾಗಿ ಎಳೆದು ಹಡಗಿನ ಕೆಳಗೆ ತಂದು, ಗಡಿಯಾರವನ್ನು ಇಟ್ಟು ದೆ ಲಾ ಪೆನ್ನೆ ಮೇಲೆ ಬಂದನು. ಇಬ್ಬರೂ ಸೆರೆಯಾದರು; ಏನನ್ನೂ ಬಾಯಿಬಿಡದ ಅವರನ್ನು ಅದೇ ಹಡಗಿನ ತಳದ ಕೋಣೆಯಲ್ಲಿ, ಸ್ಫೋಟಕಕ್ಕೆ ಸನಿಹದಲ್ಲಿಯೇ ಕೂಡಿಹಾಕಲಾಯಿತು. ಹೊತ್ತು ಹತ್ತಿರವಾದಾಗ ದೆ ಲಾ ಪೆನ್ನೆಯು ಕಪ್ತಾನ ಚಾರ್ಲ್ಸ್ ಮಾರ್ಗನನನ್ನು ಕಾಣಬೇಕೆಂದು ಕೇಳಿ, ಹಡಗು ಇನ್ನು ಕೆಲವೇ ನಿಮಿಷಗಳಲ್ಲಿ ಸಿಡಿಯುವುದೆಂದೂ ನಾವಿಕರನ್ನು ಉಳಿಸಿಕೊಳ್ಳಬೇಕೆಂದೂ ತಿಳಿಸಿದನು. ಸ್ಫೋಟಕ ಎಲ್ಲಿದೆಯೆಂಬುದನ್ನು ಮಾತ್ರ ಹೇಳಲಿಲ್ಲ. ಅವನನ್ನು ಮತ್ತೆ ಅದೇ ಕೋಣೆಗೆ ಇಳಿಸಿದರು. ಬೆಳಗಿನ ಆರರ ಸುಮಾರಿಗೆ ಎರಡು ಯುದ್ಧನೌಕೆಗಳೂ ತೈಲನೌಕೆಯೂ ಒಂದರ ಹಿಂದೊಂದು ಸಿಡಿದುವು. ತೈಲನೌಕೆಯ ಮಗ್ಗುಲಲ್ಲಿದ್ದ ಜರ್ವಿಸ್ ವಿನಾಶಕಕ್ಕೂ ಜಖಂ ಆಯಿತು. ದೆ ಲಾ ಪೆನ್ನೆ, ಬಿಯಾಂಕಿ ಇಬ್ಬರೂ ಬದುಕಿ ಉಳಿದರು. ದಡ ಸೇರಿದ ಉಳಿದ ನಾಲ್ವರೂ ಈಜಿಪ್ಟಿನಲ್ಲಿ ಸೆರೆಸಿಕ್ಕಿದರು.

ಯುದ್ಧನೌಕೆಗಳೆರಡೂ ಬಂದರಿನ ಆಳವಿಲ್ಲದ ನೀರಿನಲ್ಲಿ ನೆಟ್ಟಗೆ ತಳ ಹಿಡಿದುದರಿಂದ, ಮೇಲಿನಿಂದ ನೋಡುವವರಿಗೆ ಏನೂ ಆಗದಂತೆಯೇ ತೋರಿದುವು. ಬ್ರಿಟಿಷರು ಆ ತೋರಿಕೆಯನ್ನು ಜಾಣತನದಿಂದ ಕಾಪಾಡಿಕೊಂಡರು. ಕ್ವೀನ್ ಎಲಿಜಬೆತ್ ಮತ್ತೆ ಸೇವೆಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಚರ್ಚಿಲ್ ಈ ನಷ್ಟವನ್ನು ಪಾರ್ಲಿಮೆಂಟಿಗೆ ತಿಳಿಸಿದ್ದು ಮರುವರ್ಷದ ಏಪ್ರಿಲ್‌ನಲ್ಲಿ, ಬಾಗಿಲು ಮುಚ್ಚಿದ ಗುಪ್ತ ಅಧಿವೇಶನದಲ್ಲಿ. ಸಮುದ್ರದ ಮೇಲೆ ಇಟಲಿಗೆ ಅಂದು ದೊರೆತ ಮೇಲುಗೈಯನ್ನು ಅದರ ನಾಯಕರು ಬಳಸಿಕೊಳ್ಳಲಿಲ್ಲ. ಇಂಧನದ ಅಭಾವವೂ ಧೈರ್ಯದ ಅಭಾವವೂ ಅದಕ್ಕೆ ಕಾರಣ. 1945ರಲ್ಲಿ, ಇಟಲಿಯು ಮಿತ್ರಪಕ್ಷದ ಕಡೆ ಬಂದಿದ್ದಾಗ, ತಾರಂತೊ ಬಂದರಿನಲ್ಲಿ ದೆ ಲಾ ಪೆನ್ನೆಗೆ ಸುವರ್ಣಪದಕವನ್ನು ಕೊಡುವ ಸಮಾರಂಭ ನಡೆಯಿತು. ಅಲ್ಲಿದ್ದ ರಾಜಕುಮಾರ ಉಂಬೆರ್ತೊ ಆ ಪದಕವನ್ನು ಅವನ ಎದೆಗೆ ತೊಡಿಸಲೆಂದು ಕರೆದದ್ದು ವೇಲಿಯಂಟಿನ ಹಳೆಯ ಕಪ್ತಾನ ಮಾರ್ಗನನನ್ನೇ.

ಬೊರ್ಗೇಸೆಯ ಹಾದಿ ಬೇರೆಯಾಯಿತು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದಾಗ ಅವನು ಜರ್ಮನರ ಪಕ್ಷವನ್ನು ಬಿಡದೆ, ಮುಸೊಲಿನಿಯ ಕೊನೆಯ ಗಣರಾಜ್ಯದ ಸೇವೆಯಲ್ಲಿ ತನ್ನ ದಳವನ್ನು ಸ್ವದೇಶದ ಪ್ರತಿರೋಧದ ಹೋರಾಟಗಾರರ ಮೇಲೆಯೇ ನಡೆಸಿದನು. ಆ ದಳದ ಕೈಗೆ ಅಮಾಯಕರ ರಕ್ತವೂ ಅಂಟಿತು. ಯುದ್ಧಾನಂತರ ನ್ಯಾಯಾಲಯ ಅವನನ್ನು ದಂಡಿಸಿತು. ದೆ ಲಾ ಪೆನ್ನೆಯಾದರೋ ಬ್ರಿಟಿಷರೊಡನೆ ಸೇರಿ, 1944ರ ಜೂನಿನಲ್ಲಿ, ಜರ್ಮನರ ವಶದಲ್ಲಿದ್ದ ಲಾ ಸ್ಪೆಜಿಯಾ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಭಾಗಿಯಾದನು. ಒಂದೇ ಉಕ್ಕಿನ ಕೊಳವೆಯಲ್ಲಿ ಒಂದೇ ಗಾಳಿಯನ್ನು ಉಸಿರಾಡಿದ ಇಬ್ಬರು ಹೀಗೆ ಎರಡು ದಡಗಳಿಗೆ ಹೋದರು. ಸಾಹಸವನ್ನು ಮೆಚ್ಚುವವನು ಅದು ಯಾರ ಸೇವೆಗೆ ಸಂದಿತೆಂಬುದನ್ನು ಮರೆಯತಕ್ಕದ್ದಲ್ಲ; ಶಿರೇ ಹೊತ್ತ ಧೈರ್ಯವೆಲ್ಲ ಒಂದು ಕೆಟ್ಟ ಆಳ್ವಿಕೆಯ ಲೆಕ್ಕಕ್ಕೆ ಸೇರಿತೆಂಬ ಮಾತನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ.

ನೌಕೆಯು ಆ ದಿನಗಳನ್ನು ಕಾಣಲು ಉಳಿಯಲಿಲ್ಲ. 1942ನೆಯ ಆಗಸ್ಟ್‌ನಲ್ಲಿ, ಬೊರ್ಗೇಸೆಯ ತರುವಾಯ ಕಪ್ತಾನನಾದ ಬ್ರೂನೊ ಜೆಲಿಕ್ ಅದನ್ನು ಲೆರೋಸಿನಿಂದ ಪ್ಯಾಲೆಸ್ತೀನಿನ ಹೈಫಾ ಬಂದರಿನತ್ತ ನಡೆಸಿದನು. ಒಳಗೆ ನಾವಿಕರಲ್ಲದೆ, ಬಂದರಿನೊಳಗೆ ಈಜಿಹೋಗಬೇಕಾಗಿದ್ದ ಜಲಯೋಧರಿದ್ದರು. ಈ ಸಲ ಶತ್ರು ಎಚ್ಚೆತ್ತಿದ್ದನು. ಇಟಲಿಯ ಗುಪ್ತಸಂಕೇತಗಳನ್ನು ಬ್ರಿಟಿಷರು ಬಿಡಿಸಿ ಓದುತ್ತಿದ್ದರು. ಆಗಸ್ಟ್ 10ರಂದು ‘ಐಲಾ’ ಎಂಬ ಸಣ್ಣ ಬ್ರಿಟಿಷ್ ಕಾವಲು ನೌಕೆಯು ಎಸೆದ ಆಳಬಾಂಬುಗಳಿಗೆ ಸಿಕ್ಕಿ ಶಿರೇ ಮುಳುಗಿತು. ಒಳಗಿದ್ದ 60 ಮಂದಿಯಲ್ಲಿ ಒಬ್ಬನೂ ಬದುಕಲಿಲ್ಲ.

1984ರಲ್ಲಿ ಇಟಲಿಯ ನೌಕಾಸೇನೆಯು ಅಲ್ಲಿಗೆ ಹೋಗಿ, ಮುಳುಗುಗಾರರನ್ನು ಇಳಿಸಿ, 42 ಮಂದಿಯ ಅಸ್ಥಿಗಳನ್ನು ಮೇಲೆತ್ತಿ, ಬಾರಿ ನಗರದಲ್ಲಿ ಹೊರದೇಶಗಳಲ್ಲಿ ಮಡಿದ ಯೋಧರಿಗಾಗಿ ಕಟ್ಟಿರುವ ಸ್ಮಾರಕದಲ್ಲಿ ಇರಿಸಿತು. ನೌಕೆಯಿಂದ ಬಿಡಿಸಿ ತಂದ ಕೆಲವು ಭಾಗಗಳನ್ನು ಇಂದು ಇಟಲಿಯಲ್ಲಿ ನೋಡಬಹುದು. ಅದರ ಒಡಲು ಮಾತ್ರ, ಹೈಫಾದ ಹೊರಗಡೆ, 33 ಮೀಟರು ನೀರಿನ ಅಡಿಯಲ್ಲಿ ಇನ್ನೂ ಅಲ್ಲಿಯೇ ಇದೆ.